ದೇಶಕ್ಕೆ ಕಷ್ಟ ಬಂದಾಗ ನಾವು ಏನಂತ ಪ್ರಾರ್ಥಿಸಬೇಕು?

ಗುಳೇದಗುಡ್ಡದ ನಮ್ಮ ಚರ್ಚಿನ ಸಭೆಯಲ್ಲಿ ಭಾನುವಾರದ ವಿಜ್ಞಾಪನೆ ಪ್ರಾರ್ಥನೆ, ಅಂದರೆ ಬೇರೆಯವರಿಗಾಗಿ ಬೇಡುವ ಪ್ರಾರ್ಥನೆ, ಬರೆದು ಓದುವ ಪಾಳಿ ನನಗೂ ಬರುತ್ತದೆ. ಕಾಯಿಲೆ, ಪರೀಕ್ಷೆ, ಮದುವೆ, ಮಳೆ, ಇಂಥವಕ್ಕೆ ಬರೆಯುವುದು ಕಷ್ಟವಲ್ಲ. ಯಾರ ಮನೆ, ಯಾರ ಮಗು ಅಂತ ಗೊತ್ತಿರುತ್ತದೆ. ಪೆನ್ನು ನಿಲ್ಲುವುದು ಇಡೀ ದೇಶಕ್ಕೇ ಏನಾದರೂ ಆದಾಗ. ಆಗ ನಮ್ಮೆಲ್ಲರ ಬಾಯಿಗೂ ಬರುವುದು ಒಂದೇ ಸಾಲು: "ಕರ್ತನೇ, ನಮ್ಮ ದೇಶವನ್ನು ಕಾಪಾಡು." ಒಳ್ಳೆಯ ಸಾಲೇ. ಆದರೆ ಅದಷ್ಟೇ ಹೇಳಿ ಆಮೆನ್ ಅಂದುಬಿಟ್ಟರೆ ಸಾಲದು ಅಂತ ನನಗೆ ಬಲವಾಗಿ ಅನಿಸುತ್ತದೆ. ಯಾರನ್ನು ಕಾಪಾಡಬೇಕು? ಯಾವುದರಿಂದ? ಆ ಕೇಡಿನಲ್ಲಿ ನಮ್ಮ ಪಾಲೆಷ್ಟು? ಇಷ್ಟನ್ನಾದರೂ ದೇವರ ಮುಂದೆ ಬಿಡಿಸಿ ಹೇಳಬೇಕು.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತಲ್ಲ, ಆಗ ಇದನ್ನು ತುಂಬಾ ಯೋಚಿಸಿದೆ. ನಮ್ಮದು ಖಣದ ಊರು, ಕುಪ್ಪಸದ ಬಟ್ಟೆ ನೇಯುವ ಊರು. ತೇರು, ಆನೆಹೆಜ್ಜೆ ಹಾಕಿ ನೇಯ್ದ ಖಣ ಮಹಾರಾಷ್ಟ್ರದ ಪೇಟೆಗಳಿಗೆ ಹೋಗಬೇಕು. ಲಾರಿ ನಿಂತ ಮೇಲೆ ನೂಲು ಬರಲಿಲ್ಲ, ನೇಯ್ದ ಮಾಲೂ ಹೋಗಲಿಲ್ಲ. ವಾರದ ಮಜೂರಿ ನಂಬಿಕೊಂಡ ಮನೆಗಳಲ್ಲಿ ಎರಡನೇ ವಾರಕ್ಕೇ ಜೋಳದ ಡಬ್ಬಿಯ ತಳ ಕಾಣುತ್ತಿತ್ತು. ಚರ್ಚಿಗೂ ಬೀಗ. ಆ ವರ್ಷ ಏಪ್ರಿಲ್ 10ರ ಗುಡ್ ಫ್ರೈಡೇ, 12ರ ಈಸ್ಟರ್ ಎರಡೂ ಮನೆಯೊಳಗೇ ಕಳೆದವು. ಸಂಜೆ ಏಳಕ್ಕೆ ಫೋನಿನಲ್ಲಿ ನಾಲ್ಕಾರು ಮನೆಯವರು ಸೇರಿ ಪ್ರಾರ್ಥನೆ ಮಾಡುತ್ತಿದ್ದೆವು.

ಆಗ ಎಲ್ಲರ ಮೊಬೈಲಿಗೂ ಬೈಬಲಿನ 91ನೇ ಕೀರ್ತನೆ ಬರುತ್ತಿತ್ತು. ಸಾವಿರ ಜನ ಪಕ್ಕದಲ್ಲಿ ಬಿದ್ದರೂ ನಿನಗೆ ಏನೂ ತಟ್ಟದು ಅನ್ನುವ ಕೀರ್ತನೆ. ನನಗೆ ಅದು ಬಾಯಿಪಾಠ, ಚಿಕ್ಕಂದಿನಿಂದ ಪ್ರೀತಿ. ಆದರೆ ಅದನ್ನು ತಾಯಿತದಂತೆ ಬಳಸುವುದನ್ನು ಕಂಡು ಸಂಕಟವಾಯಿತು. ಮತ್ತಾಯನ ನಾಲ್ಕನೇ ಅಧ್ಯಾಯ ತೆಗೆದು ನೋಡಿ. ದೇವಾಲಯದ ಶಿಖರದ ಮೇಲೆ ಯೇಸುವನ್ನು ನಿಲ್ಲಿಸಿ, ಧುಮುಕು, ದೇವದೂತರು ಹಿಡಿಯುತ್ತಾರೆ ಅಂತ ಸೈತಾನ ಹೇಳಿದ್ದು ಇದೇ ಕೀರ್ತನೆಯ ಮಾತನ್ನು. ಯೇಸು ಧುಮುಕಲಿಲ್ಲ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಆ ಕೀರ್ತನೆಯನ್ನು ದಿನಾ ಓದುತ್ತಿದ್ದವರೂ ನಮ್ಮ ನಡುವಿನಿಂದ ಹೋದರು. ಅವರ ನಂಬಿಕೆ ಕಡಿಮೆಯಾಗಿತ್ತು ಅಂತ ಯಾರಾದರೂ ಅಂದರೆ ನಾನು ಸುಮ್ಮನೆ ಕೇಳಿಕೊಂಡು ಕೂರುವವಳಲ್ಲ.

2020ರ ಮಾರ್ಚ್ 27ರ ರಾತ್ರಿ ರೋಮಿನಿಂದ ಬಂದ ಪ್ರಾರ್ಥನೆಯನ್ನು ಮೊಬೈಲಿನಲ್ಲಿ ನೋಡಿದ್ದು ನೆನಪಿದೆ. ನಾವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಪೋಪರು ನಮ್ಮ ಸಭೆಗೆ ಹಿರಿಯರಲ್ಲ. ಆದರೂ ಮಳೆ ಸುರಿಯುತ್ತಿದ್ದ ಆ ಖಾಲಿ ಅಂಗಳದಲ್ಲಿ ಪೋಪ್ ಫ್ರಾನ್ಸಿಸ್ ಒಬ್ಬರೇ ನಡೆದು ಬಂದದ್ದನ್ನು ನೋಡಿ ಕಣ್ಣು ತುಂಬಿತ್ತು. 1522ರ ಪ್ಲೇಗಿನಲ್ಲಿ ರೋಮಿನ ಬೀದಿಗಳಲ್ಲಿ ಮೆರವಣಿಗೆ ಮಾಡಿದ್ದ ಶಿಲುಬೆಯನ್ನು ಅಲ್ಲಿ ತಂದು ನಿಲ್ಲಿಸಿದ್ದರು. ಅವತ್ತು ಓದಿದ್ದು ಮಾರ್ಕನ ನಾಲ್ಕನೇ ಅಧ್ಯಾಯ. ಬಿರುಗಾಳಿ ಎದ್ದಿದೆ, ದೋಣಿಗೆ ನೀರು ತುಂಬುತ್ತಿದೆ, ಯೇಸು ಮಲಗಿದ್ದಾನೆ. ಶಿಷ್ಯರು ಅವನನ್ನು ಎಬ್ಬಿಸಿ, ಗುರುವೇ, ನಾವು ಮುಳುಗಿ ಸಾಯುತ್ತಿದ್ದೇವೆ, ನಿನಗೆ ಚಿಂತೆಯಿಲ್ಲವೇ ಅಂತ ಕೇಳುತ್ತಾರೆ. ಅದೂ ಪ್ರಾರ್ಥನೆಯೇ ಅಲ್ವಾ? ಹೆದರಿದವರ ಪ್ರಾರ್ಥನೆ. ಅವರಿಗೆ ನಂಬಿಕೆ ಸಾಲದು ಅಂತ ಯೇಸು ಗದರುತ್ತಾನೆ, ನಿಜ. ಆದರೆ ಗಾಳಿಯನ್ನು ಗದರಿ ನಿಲ್ಲಿಸಿದ ಮೇಲೆ. ಹೆದರಿಕೆಯನ್ನು ಮುಚ್ಚಿಟ್ಟುಕೊಂಡು ದೊಡ್ಡ ದೊಡ್ಡ ಮಾತಾಡುವ ಪ್ರಾರ್ಥನೆಗಿಂತ ಇದು ನನಗೆ ಹತ್ತಿರದ್ದು.

ಇನ್ನೊಂದು ಮಾತು ಆಗ ಹಬ್ಬಿತ್ತು. ಇದು ದೇಶದ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂತ. ಹೇಳುವವರು ಯಾವತ್ತೂ ಬೇರೆಯವರ ಪಾಪದ ಕಡೆಗೇ ಬೆರಳು ತೋರಿಸುತ್ತಿದ್ದರು. ಲೂಕನ 13ನೇ ಅಧ್ಯಾಯದಲ್ಲಿ ಯೇಸು ಈ ಲೆಕ್ಕಾಚಾರವನ್ನೇ ಕಿತ್ತುಹಾಕುತ್ತಾನೆ. ಸಿಲೋವದ ಬುರುಜು ಬಿದ್ದು ಸತ್ತ 18 ಜನ ಊರಿನ ಉಳಿದವರಿಗಿಂತ ಹೆಚ್ಚು ತಪ್ಪು ಮಾಡಿದವರೇನು ಅಂತ ಕೇಳಿ, ಅಲ್ಲ ಅನ್ನುತ್ತಾನೆ. ಕೇಳಲು ಬಂದವರಿಗೆ, ನೀವು ನಿಮ್ಮ ಪಾಪದಿಂದ ತಿರುಗಿಕೊಳ್ಳಿ ಅನ್ನುತ್ತಾನೆ.

ಹಾಗಂತ ಪಾಪದ ಮಾತೇ ಬೇಡ ಅಂತಲ್ಲ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ನಮ್ಮ ಈ ಸೀಮೆ, ಆಗಿನ ಕಲಾದಗಿ ಜಿಲ್ಲೆ, ಹಸಿವಿನಿಂದ ನರಳಿತು. ಮಳೆ ಬಾರದ್ದು ಯಾರ ತಪ್ಪೂ ಅಲ್ಲ. ಆದರೆ ಜನ ಸಾಯುತ್ತಿದ್ದ ಆ ವರ್ಷಗಳಲ್ಲೂ ಈ ದೇಶದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು. ಅದು ಪಾಪ. ಅದನ್ನು ಮಾಡಿದ ಕೈಗಳಿದ್ದವು. ಪಾಪದ ಅರಿಕೆ ಅಂದರೆ ಹೀಗೆ ಬಿಡಿಸಿ ಹೇಳುವುದು. ದಾನಿಯೇಲನ 9ನೇ ಅಧ್ಯಾಯ ಓದಿದರೆ ಇದು ಗೊತ್ತಾಗುತ್ತದೆ. ಊರು ಹಾಳಾಗಿ ಬಾಬೆಲಿನಲ್ಲಿ ಮುದುಕನಾದವನು. ಅವನ ಮೇಲೆ ಯಾವ ದೂರೂ ಇಲ್ಲ. ಆದರೂ ಅವನು ಅವರು ತಪ್ಪಿದರು ಅನ್ನುವುದಿಲ್ಲ. ನಾವು ತಪ್ಪಿದೆವು, ನಾವು ಕೇಳಲಿಲ್ಲ, ನಮ್ಮ ಅರಸರು, ನಮ್ಮ ಹಿರಿಯರು ಅನ್ನುತ್ತಾನೆ.

ಲಾಕ್‌ಡೌನ್ ಹೊತ್ತಿನಲ್ಲಿ ಒಂದು ಕೋಮಿನವರೇ ರೋಗ ಹಚ್ಚುತ್ತಿದ್ದಾರೆ ಅಂತ ಸುದ್ದಿ ಎದ್ದಿತ್ತು. ವರ್ಷಗಟ್ಟಲೆ ತರಕಾರಿ ಗಾಡಿ ತಳ್ಳಿಕೊಂಡು ಬರುತ್ತಿದ್ದ ಅಣ್ಣನನ್ನು ಓಣಿಯ ಬಾಯಲ್ಲೇ ತಡೆದರು. ತಡೆದವರಲ್ಲಿ ಎಲ್ಲಾ ಧರ್ಮದವರೂ ಇದ್ದರು, ನಮ್ಮವರೂ ಇದ್ದರು. ಮುಂದಿನ ಸಂಜೆಯ ಪ್ರಾರ್ಥನೆಯಲ್ಲಿ ನಾನು ಅದನ್ನು ಹೆಸರಿಟ್ಟು ಹೇಳಿದೆ: "ಕರ್ತನೇ, ನಮ್ಮ ಓಣಿಯಲ್ಲಿ ಒಬ್ಬ ಬಡವನ ಗಾಡಿಯನ್ನು ನಾವು ತಡೆದೆವು. ಕ್ಷಮಿಸು." ಫೋನಿನ ಆ ಕಡೆ ಯಾರೂ ಆಮೆನ್ ಅನ್ನಲಿಲ್ಲ. ಆಮೇಲೆ ಒಬ್ಬ ಹಿರಿಯರು ಮೆಲ್ಲಗೆ, "ಹೌದವಾ, ಅದು ತಪ್ಪಾತು" ಅಂದರು. ಅವರೇ ಮರುದಿನ ಆ ಅಣ್ಣನಿಗೆ ಫೋನ್ ಮಾಡಿ ಕರೆಸಿದರು.

ಪ್ರಾರ್ಥನೆ ಮಾಡಿ ಕೈಕಟ್ಟಿ ಕೂತರೆ ಏನು ಬಂತು ಅಂತ ಕೇಳುವವರಿಗೆ ನಾನು ಬೈಬಲಿನ ನೆಹೆಮೀಯನನ್ನು, ಪರ್ಷಿಯದ ಅರಸನ ಸೇವೆಯಲ್ಲಿದ್ದ ಯೆಹೂದಿಯನ್ನು, ತೋರಿಸುತ್ತೇನೆ. ಯೆರೂಸಲೇಮಿನ ಗೋಡೆ ಬಿದ್ದಿದೆ ಅಂತ ಕೇಳಿ ಅವನು ಅತ್ತ, ಉಪವಾಸ ಮಾಡಿದ, ಪ್ರಾರ್ಥಿಸಿದ. ಆಮೇಲೆ ಅರಸನ ಹತ್ತಿರ ರಜೆ ಕೇಳಿದ, ದಾರಿಗೆ ಪತ್ರ ಕೇಳಿದ, ಬಾಗಿಲುಗಳಿಗೆ ಮರ ಬೇಕು ಅಂತ ಕಾಡು ಕಾಯುವವನ ಹೆಸರಿಗೆ ಇನ್ನೊಂದು ಪತ್ರ ಕೇಳಿದ! ಆ ಮರದ ಪತ್ರ ನನಗೆ ತುಂಬಾ ಇಷ್ಟ. ಅಷ್ಟು ದಿನ ಮೊಣಕಾಲೂರಿದವನಿಗೆ ಏನೇನು ಬೇಕು ಅನ್ನುವುದು ಸ್ಪಷ್ಟವಾಗಿತ್ತು. ನಮ್ಮಲ್ಲೂ ಹಾಗೇ ಆಯಿತು. ಸಂಜೆ ಯಾರ್ಯಾರ ಮನೆಗಾಗಿ ಪ್ರಾರ್ಥಿಸುತ್ತಿದ್ದೆವೋ ಅವೇ ಹೆಸರುಗಳು ಪಟ್ಟಿಯಾದವು. ಜೋಳ, ತೊಗರಿಬೇಳೆ, ಎಣ್ಣೆ, ಚಹಾಪುಡಿ, ಸಾಬೂನು. ನೇಕಾರರ ಮನೆ ಅಂದರೆ ಸಾಕಿತ್ತು, ಯಾವ ಜಾತಿ ಅಂತ ಕೇಳಲಿಲ್ಲ. ಅದರ ಹಿಂದಿನ ವರ್ಷ, 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳವರೆಗೆ ನೀರು ಬಂದಾಗಲೂ ಮೊದಲು ರೊಟ್ಟಿ ಕಟ್ಟಿ ಕಳಿಸಿ, ಆಮೇಲೆ ಪ್ರಾರ್ಥನೆಗೆ ಕೂತಿದ್ದೆವು. ಯಾವುದು ಮೊದಲು ಅನ್ನುವ ಜಗಳ ನನಗಿಲ್ಲ. ಎರಡೂ ಇರಬೇಕು.

ಎಲ್ಲಕ್ಕಿಂತ ಕಷ್ಟದ್ದು ಯುದ್ಧದ ಹೊತ್ತಿನ ಪ್ರಾರ್ಥನೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಗುಂಡಿಟ್ಟು ಕೊಂದರು. ಮೇ 7ರಂದು ನಮ್ಮ ಸೇನೆ ದಾಳಿ ಮಾಡಿತು. 10ರ ಸಂಜೆ ಗುಂಡಿನ ಸದ್ದು ನಿಲ್ಲುವವರೆಗೆ ಟಿವಿ ಮುಂದಿನಿಂದ ಯಾರೂ ಏಳಲಿಲ್ಲ. ನಮ್ಮ ಜಿಲ್ಲೆಗಳಿಂದ ಸೈನ್ಯಕ್ಕೆ ಸೇರಿದ ಹುಡುಗರು ಎಷ್ಟೊಂದು ಜನ. ಬೆಳಗಾವಿಯಲ್ಲಿ ಮರಾಠಾ ರೆಜಿಮೆಂಟಿನ ಕೇಂದ್ರವೇ ಇದೆ. ನಮ್ಮ ಪ್ರಾರ್ಥನೆಗೆ ಬರುವ ಒಬ್ಬ ಅಕ್ಕನ ಮಗ ಆಗ ಗಡಿಯಲ್ಲಿದ್ದ. ಸತ್ತವರ ಮನೆಯವರಿಗಾಗಿ, ಸೈನಿಕರಿಗಾಗಿ, ದೇಶ ನಡೆಸುವವರಿಗೆ ವಿವೇಕ ಕೊಡು ಅಂತ ಬರೆದೆ. ಅರಸರಿಗಾಗಿ, ಅಧಿಕಾರಿಗಳಿಗಾಗಿ ಬೇಡಿರಿ ಅಂತ ತಿಮೊಥೆಯನಿಗೆ ಬರೆದ ಪತ್ರದಲ್ಲಿದೆ. ಅದು ಬರೆದ ಕಾಲಕ್ಕೆ ರೋಮಿನ ಅರಸ ಕ್ರೈಸ್ತನಾಗಿರಲಿಲ್ಲ. ಹಾಗಾಗಿ ನಾವು ವೋಟು ಹಾಕಿದವರಿಗೆ ಮಾತ್ರ ಈ ಪ್ರಾರ್ಥನೆ ಅಲ್ಲ.

ಆಮೇಲೆ ಒಂದು ಸಾಲು ಸೇರಿಸಿದೆ: ಗಡಿಯ ಆ ಕಡೆಯ ಮಕ್ಕಳನ್ನೂ ಕಾಯಿ. ಆರಾಧನೆಗೆ ಮುಂಚೆ ಅದನ್ನು ನೋಡಿದ ಒಬ್ಬರು, "ಇದು ಯಾಕ್ರಿ ಟೀಚರ್ ಈಗ?" ಅಂದರು. ಸಿಟ್ಟು ಅವರಲ್ಲಿತ್ತು, ನನ್ನಲ್ಲೂ ಇತ್ತು.

ನಾನು ಅವರಿಗೆ ನಮ್ಮ ಸಭೆಯ ಕಥೆಯನ್ನೇ ಹೇಳಿದೆ. 1851ರಲ್ಲಿ ಇಲ್ಲಿ ಕೆಲಸ ಶುರುಮಾಡಿದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಲ್ಲಿ ಬಹಳ ಜನ ಜರ್ಮನರು. ನಮ್ಮ ಮುತ್ತಜ್ಜಂದಿರಿಗೆ ಕನ್ನಡದಲ್ಲಿ ಕರ್ತನ ಪ್ರಾರ್ಥನೆ ಕಲಿಸಿದವರು ಅವರು. 1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಆ ಮಿಷನ್ನಿನ ಜರ್ಮನರನ್ನು ಶತ್ರು ದೇಶದವರು ಅಂತ ಹಿಡಿದಿಟ್ಟಿತು, ಆಮೇಲೆ ದೇಶ ಬಿಡಿಸಿತು. ಬ್ಯಾಪ್ಟಿಸಮ್ ಕೊಟ್ಟ ಅಯ್ಯನವರೇ ಒಂದು ದಿನ ಬೆಳಗಾಗುವಷ್ಟರಲ್ಲಿ ಶತ್ರು! ನಮ್ಮ ಹಿರಿಯರಿಗೆ ಶತ್ರುವಿಗೊಂದು ಮುಖ ಇತ್ತು, ಹೆಸರಿತ್ತು. ಮುಂದಿನ ಮಹಾಯುದ್ಧದಲ್ಲಿ, ಡನ್‌ಕರ್ಕ್‌ನಲ್ಲಿ ಸೈನ್ಯ ಸಿಕ್ಕಿಬಿದ್ದಾಗ, ದೊರೆ ಆರನೇ ಜಾರ್ಜ್ 1940ರ ಮೇ 26ನ್ನು ಇಡೀ ಬ್ರಿಟನ್ನಿಗೆ ಪ್ರಾರ್ಥನೆಯ ದಿನ ಅಂತ ಸಾರಿದ್ದರು. ಆ ಕಡೆ ಜರ್ಮನ್ ಸೈನಿಕರ ಬೆಲ್ಟಿನ ಬಕಲ್ ಮೇಲೂ 'ದೇವರು ನಮ್ಮ ಸಂಗಡ' ಅಂತ ಅಚ್ಚಾಗಿತ್ತು. ಹಿಟ್ಲರನ ಸೈನ್ಯ ನಿಲ್ಲಲೇಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ದೇವರನ್ನು ಬಕಲ್ಲಿಗೆ ಹಚ್ಚಿಕೊಂಡವರಿಗೆ ತಮ್ಮ ತಪ್ಪು ಕಾಣಲೇ ಇಲ್ಲ ಅನ್ನುವುದನ್ನು ಮರೆಯಬಾರದು. ವೈರಿಗಳಿಗಾಗಿ ಪ್ರಾರ್ಥಿಸಿರಿ ಅಂತ ಯೇಸು ಹೇಳಿದ್ದು ಕೊಂದವರನ್ನು ಬಿಟ್ಟುಬಿಡಿ ಅಂತಲ್ಲ. ನ್ಯಾಯ ಆಗಲಿ ಅಂತ ನಾನೂ ಬೇಡಿದೆ, ಅದೇ ಹಾಳೆಯಲ್ಲಿ.

ಆ ಭಾನುವಾರ ಸಾಲನ್ನು ತೆಗೆಯಲಿಲ್ಲ. ಓದುವಾಗ ನನ್ನ ದನಿ ನಡುಗಿತು. ಆರಾಧನೆ ಮುಗಿದ ಮೇಲೆ, ಮಗ ಗಡಿಯಲ್ಲಿದ್ದ ಆ ಅಕ್ಕ ಹತ್ತಿರ ಬಂದರು. ಅವರು ಬೈದರೆ ಬೈಸಿಕೊಳ್ಳಬೇಕು ಅಂತಲೇ ನಿಂತಿದ್ದೆ. ಅವರು ನನ್ನ ಕೈಲಿದ್ದ ಹಾಳೆ ತೆಗೆದುಕೊಂಡು, "ಮಕ್ಕಳು ಅಂತ ಬರದೀರಿ. ಅವರ ಅವ್ವಂದಿರೂ ಅಂತ ಬರೀರಿ. ಅವರಿಗೂ ನಿದ್ದಿ ಬಂದಿರೂದಿಲ್ಲ" ಅಂದರು. ಪೆನ್ನು ಅವರ ಕೈಗೇ ಕೊಟ್ಟೆ.