1:500ರ ಊರು: ತುದಿಯಿಂದ ಶುರುಮಾಡಿ ಬುಡಕ್ಕೆ ಬಂದ ಕಥೆ

ಮೊದಲ ತಿಂಗಳು

ಗ್ರೇ ಬೋರ್ಡಿನಲ್ಲಿ, ಅಂದರೆ ಬೂದುಬಣ್ಣದ ದಪ್ಪ ರಟ್ಟಿನಲ್ಲಿ, ಒಂದು ಊರಿನ ಮಾದರಿ ಕಟ್ಟುತ್ತಿದ್ದೇನೆ. ಅಳತೆ 1:500. ನಿಜದ ಅರ್ಧ ಮೀಟರ್ ಇಲ್ಲಿ ಒಂದು ಮಿಲಿಮೀಟರ್. ತಳದ ಹಲಗೆ 900ಕ್ಕೆ 600 ಮಿ.ಮೀ. ಇದೆ, ಅಂದರೆ ಊರಿನ ಉದ್ದ 450 ಮೀಟರ್, ಅಗಲ 300 ಮೀಟರ್. ನಡುವೆ 20 ಮೀಟರ್ ಅಗಲದ ಒಂದು ಬೀದಿ, ಆಚೀಚೆ ಆರು ಬ್ಲಾಕು. ಊರು ಅನ್ನುವುದಕ್ಕಿಂತ ಊರಿನ ಒಂದು ಮೂಲೆ ಅನ್ನಬೇಕು. ನನ್ನ ಮೇಜಿಗೆ ಅಷ್ಟೇ ಹಿಡಿಸುವುದು.

ಆಗ ತಲೆಯಲ್ಲಿ ತುಂಬಿದ್ದದ್ದು ಸ್ಕೈಲೈನ್, ಅಂದರೆ ಆಕಾಶದೆದುರು ಕಾಣುವ ಕಟ್ಟಡಗಳ ಹೊರಗೆರೆ, ಅದೊಂದೇ. ಹಿಂದೆ ಬಿಳಿ ಬಟ್ಟೆ ಕಟ್ಟಿ, ಅದರ ಹಿಂದೊಂದು ದೀಪ ಇಟ್ಟು, ಕೋಣೆ ಕತ್ತಲು ಮಾಡಿ ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದೆ. ಬಾಗಿಲಿಗೂ ಮೇಜಿಗೂ ಆರು ಮೀಟರ್, ಊರಿನ ಲೆಕ್ಕದಲ್ಲಿ ಮೂರು ಕಿಲೋಮೀಟರ್. ಅಷ್ಟು ದೂರದಿಂದ ನಿಜವಾದ ಕಟ್ಟಡದಲ್ಲೂ ಹೆಚ್ಚುಕಡಿಮೆ ಒಂದು ಮೀಟರಿಗಿಂತ ಸಣ್ಣದೇನೂ ಬರಿಗಣ್ಣಿಗೆ ಬಿಡಿಯಾಗಿ ಕಾಣದು. ಕಿಟಕಿ ಚೌಕಟ್ಟು, ಕಲ್ಲಿನ ಹೊದಿಕೆ, ಬಾಲ್ಕನಿ ಕಂಬಿ ಎಲ್ಲ ಕರಗಿಹೋಗಿ ಹೊರಗೆರೆ ಉಳಿಯುತ್ತದೆ. ಹೊರಗೆರೆಯಲ್ಲೂ ನೆನಪಿನಲ್ಲಿ ನಿಲ್ಲುವುದು ತುದಿ.

ತುದಿಗಾಗಿ ಜನ ಏನೆಲ್ಲ ಮಾಡಿದ್ದಾರೆ! ನ್ಯೂಯಾರ್ಕಿನ ಕ್ರೈಸ್ಲರ್ ಕಟ್ಟಡದ ಮೊನೆಯನ್ನು ಕಟ್ಟಡದ ಒಳಗೇ ಗುಟ್ಟಾಗಿ ಜೋಡಿಸಿ, 1929ರ ಅಕ್ಟೋಬರಿನಲ್ಲಿ ಮೇಲಕ್ಕೆತ್ತಿ ನಿಲ್ಲಿಸಿದರು. ಸುಮಾರು 56 ಮೀಟರಿನ ಮೊನೆ ಅದು. ವಾಲ್ ಸ್ಟ್ರೀಟಿನ ಎದುರಾಳಿ ಕಟ್ಟಡವನ್ನು ಸೋಲಿಸಲು ಅಷ್ಟು ಸಾಕಾಯಿತು, ಒಟ್ಟು ಎತ್ತರ 319 ಮೀಟರಿಗೆ ಹೋಯಿತು. ಬುರ್ಜ್ ಖಲೀಫಾದ 828 ಮೀಟರಿನಲ್ಲಿ ಕೊನೆಯ 240 ಮೀಟರ್ ಚಿಲ್ಲರೆಯಲ್ಲಿ ಬಳಕೆಯ ಮಹಡಿಯೇ ಇಲ್ಲ. ನನ್ನ ಅಳತೆಯಲ್ಲಿ ಆ ಕಟ್ಟಡ ಮಾಡಿದರೆ ನೆಲದ ಮೇಲಿಟ್ಟರೂ ನನ್ನ ಗಲ್ಲಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಿ ಕೈಬಿಟ್ಟೆ.

ಹನ್ನೊಂದು ತುದಿಗಳನ್ನು ಕೊರೆದೆ. ಚೂಪು, ಮೊಂಡು, ಮೆಟ್ಟಿಲು, ಓರೆ. ಕಟ್ಟರಿನ ಬ್ಲೇಡು ಎರಡು ಸಲ ಮುರಿಯಿತು, ಎಡಗೈ ಹೆಬ್ಬೆರಳಿಗೆ ಒಂದು ಗಾಯ.

ಏಳನೇ ವಾರ: ಕ್ಯಾಮೆರಾ ಬೀದಿಗಿಳಿಯಿತು

ಪೈಪಿನೊಳಗೆ ಇಣುಕಲು ಬಳಸುವ ಕೇಬಲ್ ಕ್ಯಾಮೆರಾ ತರಿಸಿದೆ. ಅದರ ತಲೆ 5.5 ಮಿ.ಮೀ. ದಪ್ಪ. ನೆಲದ ಮೇಲೆ ಮಲಗಿಸಿದರೆ ಲೆನ್ಸಿನ ನಡುಭಾಗ 2.75 ಮಿ.ಮೀ. ಎತ್ತರದಲ್ಲಿರುತ್ತದೆ, ಅಂದರೆ ನಿಜದ 1.4 ಮೀಟರಿಗೆ ಸ್ವಲ್ಪ ಕಡಿಮೆ. ಶಾಲೆಗೆ ಹೋಗುವ ಹುಡುಗನ ಕಣ್ಣೆತ್ತರ. ಅಡಿಗೆ ಅರ್ಧ ಮಿಲಿಮೀಟರಿನ ಕಾಗದದ ತುಂಡು ಇಟ್ಟೆ, ಹುಡುಗ ದೊಡ್ಡವನಾದ.

ಬೀದಿಯ ಉದ್ದಕ್ಕೆ ಕ್ಯಾಮೆರಾ ತಳ್ಳುತ್ತಾ ಹೋದೆ. ಹನ್ನೊಂದರಲ್ಲಿ ಒಂದು ತುದಿಯೂ ಕಾಣಲಿಲ್ಲ.

ನಾನು ಯೋಚಿಸಿರಲಿಲ್ಲವಷ್ಟೆ, ಲೆಕ್ಕ ಬಲು ಸರಳ. 20 ಮೀಟರ್ ಬೀದಿಯ ಈ ಅಂಚಿನಲ್ಲಿ ನಿಂತು ಎದುರಿನ ಗೋಡೆ ನೋಡುವವನು ಕಣ್ಣನ್ನು 30 ಡಿಗ್ರಿ ಮೇಲೆತ್ತಿದರೂ ಅವನಿಗೆ ಸಿಗುವುದು 13 ಮೀಟರ್ ಎತ್ತರ. ಮೂರೋ ನಾಲ್ಕೋ ಅಂತಸ್ತು. ನಡೆಯುವವರು ಅಷ್ಟು ಕೂಡ ಎತ್ತುವುದಿಲ್ಲ, ಕಾಲ ಮುಂದಿನ ನೆಲವನ್ನೇ ನೋಡಿಕೊಂಡು ಹೋಗುತ್ತಾರೆ. ಕಟ್ಟಡ 200 ಮೀಟರ್ ಇದ್ದರೇನು, 800 ಇದ್ದರೇನು, ಫುಟ್‌ಪಾತಿನ ಮೇಲಿನವನಿಗೆ ಅದು ನಾಲ್ಕಂತಸ್ತಿನ ಒಂದು ಗೋಡೆ.

ಆ ಗೋಡೆಯನ್ನು ನಾನು ಹೇಗೆ ಮಾಡಿದ್ದೆ? ಬರೀ ರಟ್ಟು. 120 ಮಿ.ಮೀ. ಉದ್ದಕ್ಕೆ ಒಂದು ಬಾಗಿಲಿಲ್ಲ, ಒಂದು ಕಿಟಕಿಯಿಲ್ಲ. ನಿಜದಲ್ಲಿ 60 ಮೀಟರ್. ಸಾಧಾರಣ ನಡಿಗೆಯಲ್ಲಿ ಮುಕ್ಕಾಲು ನಿಮಿಷ ಬೋಳು ಗೋಡೆಯ ಪಕ್ಕ ನಡೆಯಬೇಕು. ಪರದೆಯ ಮೇಲೆ ಆ ವಿಡಿಯೊ ನೋಡಲಾಗದೆ ಅರ್ಧಕ್ಕೆ ನಿಲ್ಲಿಸಿದೆ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೆಲ್ ಜೀವಮಾನವೆಲ್ಲ ಹೇಳಿದ್ದು ಇದನ್ನೇ: ಐದಾರು ಮೀಟರಿಗೊಂದು ಅಂಗಡಿಮುಖ ಬಂದರೆ ನಡೆಯುವವನಿಗೆ ನಾಲ್ಕೈದು ಸೆಕೆಂಡಿಗೊಮ್ಮೆ ಹೊಸದೇನೋ ಸಿಗುತ್ತದೆ.

ಹಾಗಾಗಿ ಬುಡ ಬಿಚ್ಚಿದೆ. ಅರವತ್ತು ಮೀಟರಿಗೆ ಹನ್ನೊಂದು ಅಂಗಡಿ. ಒಂದೊಂದು ಬಾಗಿಲು 2ಕ್ಕೆ 4 ಮಿ.ಮೀ. ಕೊರೆಯುವಾಗ ಉಸಿರು ಬಿಗಿಹಿಡಿಯಬೇಕು, ಇಲ್ಲದಿದ್ದರೆ ರಟ್ಟಿನ ಪದರ ಕಿತ್ತು ಬರುತ್ತದೆ. ಮೂರು ಸಂಜೆ ಹಿಡಿಯಿತು. 400 ಮಿ.ಮೀ. ಗೋಪುರ ಕಟ್ಟಲು ಹಿಡಿದದ್ದು ಒಂದೇ ಸಂಜೆ! ನಿಜವಾದ ಕಟ್ಟಡಗಳಲ್ಲೂ ಬುಡಕ್ಕೆ ಹೀಗೇ ಶ್ರಮ ಬೇಕಾಗುತ್ತದೋ ಏನೋ, ಅದಕ್ಕೇ ಅಷ್ಟೊಂದು ಕಡೆ ಪಾರ್ಕಿಂಗಿನ ಗೋಡೆಯೂ ಜನರೇಟರ್ ಕೋಣೆಯ ಜಾಲರಿಯೂ ಬೀದಿಗೆ ಮುಖ ಮಾಡಿರುತ್ತವೆ.

ಒಂಬತ್ತನೇ ವಾರ: 1916ರ ನಿಯಮ ರಟ್ಟಿನಲ್ಲಿ

ತುದಿ ಬೇರೆ ಬುಡ ಬೇರೆ ಎಂದು ತೀರ್ಮಾನಿಸಿ ಹಾಯಾಗಿದ್ದೆ. ಈ ವಾರದ ಕೆಲಸ ಆ ತೀರ್ಮಾನವನ್ನು ಕೆಡಿಸಿತು.

1915ರಲ್ಲಿ ಕೆಳ ಮ್ಯಾನ್‌ಹಟನ್ನಿನಲ್ಲಿ ಎಕ್ವಿಟಬಲ್ ಕಟ್ಟಡ ಎದ್ದಿತು. 38 ಮಹಡಿ, ನಿವೇಶನದ ಅಂಚಿನಿಂದ ನೆಟ್ಟಗೆ ಮೇಲಕ್ಕೆ, ಎಲ್ಲೂ ಹಿಂದೆ ಸರಿದಿಲ್ಲ. ಒಳಗಿನ ಜಾಗ ನಿವೇಶನದ ಸುಮಾರು ಮೂವತ್ತು ಪಟ್ಟು. ಸುತ್ತಲಿನ ಬೀದಿಗಳು ಬಾವಿಯಾದವು. ಮರುವರ್ಷವೇ ನಗರ ನಿಯಮ ತಂದಿತು. ಬೀದಿಯ ಅಗಲಕ್ಕೆ ತಕ್ಕಂತೆ ಒಂದು ಎತ್ತರದವರೆಗೆ ಮಾತ್ರ ನೇರ ಗೋಡೆ, ಆಮೇಲೆ ಮೇಲೆ ಹೋದಷ್ಟೂ ಹಿಂದೆ ಸರಿಯಬೇಕು. ನಿವೇಶನದ ಕಾಲು ಭಾಗದ ಮೇಲೆ ಮಾತ್ರ ಎಷ್ಟು ಎತ್ತರ ಬೇಕಾದರೂ ಹೋಗಬಹುದು.

ಆ ನಿಯಮವನ್ನೇ ರಟ್ಟಿಗೆ ಹಾಕಿದೆ. ಬೀದಿಯಗಲದ ಎರಡು ಪಟ್ಟು ಎಂದು ಹಿಡಿದರೆ 40 ಮೀಟರ್ ನೇರ ಗೋಡೆ, ನನಗೆ 80 ಮಿ.ಮೀ. ಅಲ್ಲಿಂದ ಒಂದು ಮೀಟರ್ ಹಿಂದೆ ಸರಿದರೆ ನಾಲ್ಕು ಮೀಟರ್ ಮೇಲೆ. 120 ಮಿ.ಮೀ. ಚೌಕದ ನಿವೇಶನದಲ್ಲಿ ಕಾಲು ಭಾಗ ಅಂದರೆ 60 ಮಿ.ಮೀ. ಚೌಕ, ಅದರ ಮೇಲೆ ಗೋಪುರ. ಜೋಡಿಸಿ ಮುಗಿಸಿ ಹಿಂದೆ ಸರಿದು ನೋಡಿದರೆ ಮೇಜಿನ ಮೇಲೆ ನಿಂತಿದ್ದದ್ದು 1920ರ ದಶಕದ ನ್ಯೂಯಾರ್ಕ್. ಆಕಾರ ಯಾರ ಕಲ್ಪನೆಯೂ ಅಲ್ಲ, ನಾನು ಬರೀ ಲೆಕ್ಕ ಕತ್ತರಿಸಿದ್ದೆ. ಬೀದಿಗೆ ಬೆಳಕು ಬೇಕು ಎಂದು ಮಾಡಿದ ನಿಯಮ ಆಕಾಶದ ಅಂಚನ್ನು ಬರೆದುಬಿಟ್ಟಿತ್ತು.

ಲಂಡನ್ನಿನಲ್ಲಿ ಇದೇ ಕಥೆ ತಲೆಕೆಳಗು. ಲೀಡೆನ್‌ಹಾಲ್ ಬೀದಿಯ 225 ಮೀಟರಿನ ಬೆಣೆಯಾಕಾರದ ಕಟ್ಟಡ ಒಂದೇ ಕಡೆಗೆ ಹಿಂದೆ ವಾಲಿದಂತಿದೆ. ಜನ ಅದಕ್ಕೆ ಚೀಸ್‌ಗ್ರೇಟರ್, ತುರಿಯುವ ಮಣೆ ಎಂದು ಹೆಸರಿಟ್ಟಿದ್ದಾರೆ. ಫ್ಲೀಟ್ ಸ್ಟ್ರೀಟಿನಿಂದ ನೋಡುವವರಿಗೆ ಸೇಂಟ್ ಪಾಲ್ಸ್ ಗುಮ್ಮಟದ ನೋಟ ಕೆಡಬಾರದು ಎಂದು ಬಂದ ಓರೆ ಅದು. ಇಲ್ಲಿ ದೂರದ ನೋಟ ಕಟ್ಟಡವನ್ನು ಕೊರೆಯಿತು. ಅದೇ ಕಟ್ಟಡದ ಬುಡದಲ್ಲಿ ಏಳು ಅಂತಸ್ತಿನಷ್ಟು ಎತ್ತರದ ಜಾಗವನ್ನು ತೆರೆದು ಜನರ ಓಡಾಟಕ್ಕೆ ಬಿಟ್ಟಿದ್ದಾರೆ. ಅಷ್ಟೆತ್ತರದ ತೆರೆದ ಬುಡ ನಡೆಯುವವನಿಗೆ ಹಿತವೋ ಎಂದು ನನಗೆ ಅನುಮಾನ. ರಟ್ಟಿನಲ್ಲಿ ಮಾಡಿ ಕ್ಯಾಮೆರಾ ತೂರಿಸಿದಾಗ ಸೇತುವೆಯ ಕೆಳಗೆ ನಿಂತ ಹಾಗಿತ್ತು.

ಹನ್ನೊಂದನೇ ವಾರ: ನೆರಳು

ಟೇಬಲ್ ಲ್ಯಾಂಪೇ ಸೂರ್ಯ ಎಂದುಕೊಂಡಿದ್ದೆ. ತಪ್ಪು. ಹತ್ತಿರದ ದೀಪದಿಂದ ನೆರಳು ಬೀಸಣಿಗೆಯ ಹಾಗೆ ಅಗಲವಾಗುತ್ತದೆ, ಸೂರ್ಯನ ಕಿರಣಗಳೋ ಸಮಾನಾಂತರ. ಒಂದು ವಾರದ ಫೋಟೊಗಳೆಲ್ಲ ಅಳಿಸಿದೆ. ಹಲಗೆಯನ್ನು ತಾರಸಿಗೆ ಹೊತ್ತೊಯ್ದು, ಒಂದು ಮೂಲೆಯಲ್ಲಿ 10 ಮಿ.ಮೀ. ಮೇಲೆ ಉಳಿಯುವಂತೆ ಗುಂಡುಸೂಜಿ ಚುಚ್ಚಿದೆ. ಸೂಜಿಯ ನೆರಳು 17 ಮಿ.ಮೀ. ಬಂದಾಗ ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದಾನೆ ಎಂದರ್ಥ. ಹಲಗೆಯನ್ನು ವಾಲಿಸಿ ಬೇಕಾದ ಕೋನ ತಂದುಕೊಳ್ಳಬಹುದು.

ಒಂದೇ ಗಾತ್ರದ ಎರಡು ಕಟ್ಟಡ ಹೋಲಿಸಿದೆ. ಒಂದು 30 ಮೀಟರ್ ಅಗಲದ, 200 ಮೀಟರ್ ಎತ್ತರದ ಗೋಪುರ. ಇನ್ನೊಂದು ಅಷ್ಟೇ ರಟ್ಟನ್ನು ಅಡ್ಡ ಮಲಗಿಸಿದಂತೆ 90 ಮೀಟರ್ ಅಗಲ, 67 ಮೀಟರ್ ಎತ್ತರ. ಗೋಪುರದ ನೆರಳು 346 ಮೀಟರ್, ನನ್ನ ಊರನ್ನು ದಾಟಿ ತಾರಸಿಯ ನೆಲಕ್ಕೆ ಹೋಗಿ ಬಿತ್ತು. ಆದರೆ 100 ಮೀಟರ್ ದೂರದಲ್ಲಿ ಗುರುತು ಹಾಕಿದ ಚುಕ್ಕಿಯ ಮೇಲಿಂದ ಅದು ಸರಿಯಲು ಹಲಗೆಯನ್ನು 17 ಡಿಗ್ರಿ ತಿರುಗಿಸಿದರೆ ಸಾಕಾಯಿತು. ಅಡ್ಡ ಕಟ್ಟಡಕ್ಕೆ 48 ಡಿಗ್ರಿ. ಸೂರ್ಯ ಗಂಟೆಗೆ 15 ಡಿಗ್ರಿ ಎಂದು ಹಿಡಿದರೆ ಒಂದು ಗಂಟೆಗೂ ಮೂರು ಗಂಟೆಗೂ ಇರುವ ವ್ಯತ್ಯಾಸ. ಜಾಗ, ಹೊತ್ತು ನೋಡಿಕೊಂಡು ಇದು ಹೆಚ್ಚುಕಮ್ಮಿಯಾಗುತ್ತದೆ, ಅಂದಾಜಿಗೆ ಅಡ್ಡಿಯಿಲ್ಲ. ಕೆನಡಾದ ವ್ಯಾಂಕೂವರಿನವರು ತೆಳು ಗೋಪುರಗಳನ್ನು ದೂರದೂರ ನಿಲ್ಲಿಸಿ, ಬುಡದಲ್ಲಿ ಬೀದಿಗೆ ಅಂಟಿದಂತೆ ತಗ್ಗು ಮನೆಗಳ ಸಾಲು ಇಟ್ಟದ್ದರ ಜಾಣತನ ಆ ಮಧ್ಯಾಹ್ನ ಅರ್ಥವಾಯಿತು.

ಅಷ್ಟರಲ್ಲಿ ಬೀಸಿದ ಗಾಳಿಗೆ ಮೂರು ಗೋಪುರ ಬುಡಸಮೇತ ಕಿತ್ತುಹೋದವು.

ಹದಿಮೂರನೇ ವಾರ: ಗಾಳಿ

ಇಲ್ಲಿಯವರೆಗೆ ಕಟ್ಟಡದ ನಡುಭಾಗದ ಬಗ್ಗೆ ನಾನು ಒಂದು ಮಾತೂ ಬರೆದಿಲ್ಲ. ದೂರದವರಿಗೆ ತುದಿ, ಹತ್ತಿರದವರಿಗೆ ಬುಡ. ನಡುವಿನ ಮೂವತ್ತು ಮಹಡಿ ಯಾರಿಗೂ ಲೆಕ್ಕಕ್ಕಿಲ್ಲ ಎಂದೇ ಭಾವಿಸಿದ್ದೆ.

ಮರದ ಹೊಟ್ಟನ್ನು ಜರಡಿ ಹಿಡಿದು ಬೀದಿಯ ಮೇಲೆ ತೆಳ್ಳಗೆ ಉದುರಿಸಿದೆ. ಟೇಬಲ್ ಫ್ಯಾನನ್ನು ಎರಡು ಮೀಟರ್ ದೂರದಲ್ಲಿಟ್ಟು, ನಡುವೆ ಸಣ್ಣ ರಟ್ಟಿನ ತುಂಡುಗಳನ್ನು ಸಾಲಾಗಿ ನಿಲ್ಲಿಸಿದೆ. ನಿಜವಾದ ಗಾಳಿಸುರಂಗಗಳಲ್ಲೂ ನೆಲವನ್ನು ಹೀಗೆ ಒರಟು ಮಾಡುತ್ತಾರೆ, ಕೆಳಗೆ ಗಾಳಿ ನಿಧಾನ, ಮೇಲೆ ಜೋರು ಆಗಲಿ ಎಂದು. ಸ್ವಿಚ್ ಹಾಕಿದ ಐದಾರು ಸೆಕೆಂಡಿನಲ್ಲಿ ಗೋಪುರದ ಎರಡು ಮೂಲೆಗಳ ಬಳಿ ಹೊಟ್ಟು ಹಾರಿ, ಬರಿ ಹಲಗೆ ಕಂಡಿತು, ಎರಡು ಬೋಳು ಮೀಸೆಗಳ ಹಾಗೆ. ಮುಂದಿನ ತಗ್ಗು ಕಟ್ಟಡದ ಹಿಂದೆ ಹೊಟ್ಟು ಸುರುಳಿ ಸುತ್ತುತ್ತಿತ್ತು.

ಮೇಲಿನ ಜೋರುಗಾಳಿ ಗೋಡೆಗೆ ಬಡಿದಾಗ, ಸುಮಾರು ಮೂರನೇ ಎರಡು ಭಾಗ ಎತ್ತರದಲ್ಲಿ ಒತ್ತಡ ಹೆಚ್ಚು. ಅದರ ಕೆಳಗಿನ ಗಾಳಿ ಗೋಡೆಗುಂಟ ಇಳಿದು, ಬೀದಿಗೆ ಬಂದು, ಮೂಲೆಗಳಲ್ಲಿ ರಭಸ ಪಡೆಯುತ್ತದೆ. ಯಾರೂ ನೋಡದ ಆ ನಡುಭಾಗವೇ ಎತ್ತರದ ಗಾಳಿಯನ್ನು ಹಿಡಿದು ಫುಟ್‌ಪಾತಿಗೆ ಸುರಿಯುವ ಜಾರುಬಂಡೆ. ನ್ಯೂಯಾರ್ಕಿನ 1902ರ ಫ್ಲಾಟ್‌ಐರನ್ ಕಟ್ಟಡ 87 ಮೀಟರ್ ಅಷ್ಟೆ, ಆದರೂ ಅದರ ಮೂಲೆಯ ಗಾಳಿ ಆ ಕಾಲದಲ್ಲೇ ಹೆಸರುವಾಸಿ.

ಮದ್ದು ಪೋಡಿಯಂ. ಗೋಪುರದ ಬುಡದ ಸುತ್ತ 12 ಮೀಟರ್ ಎತ್ತರದ, 10 ಮೀಟರ್ ಚಾಚಿದ ತಗ್ಗು ಕಟ್ಟು ಅಂಟಿಸಿದೆ. ಇಳಿದ ಗಾಳಿ ಅದರ ಚಾವಣಿಗೆ ಬಡಿದು ಅಲ್ಲೇ ಚದುರಿತು. ಬೀದಿಯ ಹೊಟ್ಟು ಬಹುಪಾಲು ನಿಂತಿತು. ಪೋಡಿಯಂ ಮೇಲೆ ಉದುರಿಸಿದ್ದು ಮಾತ್ರ ಪೂರ್ತಿ ಗುಡಿಸಿಹೋಯಿತು. ಅಲ್ಲಿ ತೋಟ, ಆಟದ ಜಾಗ ಮಾಡಬೇಕೆಂದು ಬಣ್ಣ ಬೇರೆ ಹಚ್ಚಿದ್ದೆ.

ನನ್ನ ತಮ್ಮ ಬಾಗಿಲಲ್ಲಿ ನಿಂತು, "ಅಣ್ಣಾ, ನಿನ್ನೂರಿನ ಗಾಳಿ ನಿಂತಿರಬಹುದು, ಧೂಳೆಲ್ಲಾ ನನ್ನ ಹಾಸಿಗೆ ಮೇಲಿದೆ, ಬಂದು ನೋಡು" ಅಂದ. ಮುಂದಿನ ಪ್ರಯೋಗ ಹೊರಗೆ ಮಾಡಬೇಕಂತೆ.

ಈಗಿನ ಸ್ಥಿತಿ

ಎದುರಿನ ಬ್ಲಾಕಿನಲ್ಲಿ ಪ್ಲಾಜಾ, ಅಂದರೆ ಜನ ಬಂದು ಕೂರುವ ಬಯಲು ಅಂಗಳ, ಇಡುವ ಆಸೆ. ನ್ಯೂಯಾರ್ಕಿನ 1958ರ ಸೀಗ್ರಾಂ ಕಟ್ಟಡ ಮುಂದೆ ದೊಡ್ಡ ಅಂಗಳ ಬಿಟ್ಟು ಹಿಂದೆ ನಿಂತಿತು, ಜನಕ್ಕೆ ಇಷ್ಟವಾಯಿತು. ಆ ನಗರದ 1961ರ ನಿಯಮ ಪ್ಲಾಜಾ ಬಿಟ್ಟವರಿಗೆ ಹೆಚ್ಚು ಮಹಡಿಯ ಬಹುಮಾನ ಕೊಟ್ಟಿತು. ಆಮೇಲೆ ಬಂದವುಗಳಲ್ಲಿ ಎಷ್ಟೋ ಬರೀ ಕಲ್ಲುಹಾಸು. ಯಾಕೆಂದು ತಿಳಿಯಲು ನಗರಗಳ ಅಧ್ಯಯನ ಮಾಡುತ್ತಿದ್ದ ಅಮೆರಿಕದ ವಿಲಿಯಂ ವೈಟ್ ಕ್ಯಾಮೆರಾ ಇಟ್ಟು ಜನರನ್ನು ಎಣಿಸಿದ. ಕೂರಲು ಜಾಗವಿದ್ದಲ್ಲಿ ಜನ ಕೂರುತ್ತಾರೆ ಎಂಬುದು ಅವನಿಗೆ ಸಿಕ್ಕ ಉತ್ತರ. ಸೀಗ್ರಾಂನಲ್ಲಿ ಮೆಟ್ಟಿಲೂ ಕಟ್ಟೆಯೂ ಇದ್ದವು.

ನನ್ನ ಅಳತೆಯಲ್ಲಿ ಕೂರುವ ಕಟ್ಟೆ ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತರ. ಒಂದು ಪದರ ಕಾರ್ಡ್‌ಶೀಟು ಸಾಲದು, ಎರಡು ಅಂಟಿಸಿದರೆ ಹೆಚ್ಚಾಗುತ್ತದೆ. ಮೊನ್ನೆ ಎರಡು ಅಂಟಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಇಳಿಸುತ್ತಿದ್ದೆ. ಅಂಟು ಇನ್ನೂ ಹಸಿ ಇತ್ತು, ಕಟ್ಟೆ ಸುರುಳಿಯಾಯಿತು. ಈಗ ಮೇಲೊಂದು ದಪ್ಪ ನಿಘಂಟು ಹೇರಿಟ್ಟಿದ್ದೇನೆ.