ಎಫ್-150ರ ಹಳೇ ಪ್ಲಗ್ ಮುರಿಯದಂತೆ ಬಿಚ್ಚುವುದು

2004ರಿಂದ 2008ರ ನಡುವಿನ ಫೋರ್ಡ್ ಎಫ್-150 ಪಿಕಪ್, ಅದರಲ್ಲೂ 5.4 ಲೀಟರಿನ ಮೂರು ವಾಲ್ವ್ ಟ್ರೈಟನ್ ಎಂಜಿನ್ ಇರುವುದು ನಿಮ್ಮಲ್ಲಿದ್ದರೆ, ರ್‍ಯಾಚೆಟ್ ಕೈಗೆತ್ತಿಕೊಳ್ಳುವ ಮೊದಲು ಇದನ್ನು ಓದಿ. ಹೊಸ ಸ್ಪಾರ್ಕ್ ಪ್ಲಗ್ ಕೂರಿಸುವುದು ಏನೂ ಕಷ್ಟವಲ್ಲ. ಹಳೆಯದು ಇಡಿಯಾಗಿ ಹೊರಬರಬೇಕು, ಕಷ್ಟವಿರುವುದು ಅಲ್ಲಿ.

ಈ ಪ್ಲಗ್‌ನ ಥ್ರೆಡ್ ಕೆಳಗೆ ಉದ್ದನೆಯ ತೆಳು ಕೊಳವೆಯೊಂದಿದೆ. ಮೈ ಬೇರೆ, ಕೊಳವೆ ಬೇರೆ ಮಾಡಿ ಜೋಡಿಸಿದ್ದಾರೆ. ಕೊಳವೆಗೂ ಎಂಜಿನ್ನಿನ ಸಿಲಿಂಡರ್ ಹೆಡ್‌ಗೂ ನಡುವಿನ ಸಂದಿಯಲ್ಲಿ ವರ್ಷಗಟ್ಟಲೆ ಮಸಿ ಸೇರಿ ಕಲ್ಲಿನಂಥ ಕಿಟ್ಟವಾಗುತ್ತದೆ. ಬಿಚ್ಚುವಾಗ ಪ್ಲಗ್‌ನ ಮೇಲ್ಭಾಗ ತಿರುಗುತ್ತದೆ, ಕೊಳವೆ ಅಲ್ಲೇ ಕಚ್ಚಿಕೊಂಡಿರುತ್ತದೆ, ಜೋಡಣೆ ಕಳಚುತ್ತದೆ. 1,00,000 ಮೈಲಿವರೆಗೆ ಕಾಯಬೇಡಿ. 60,000ಕ್ಕೇ ಬದಲಿಸಿದರೆ ಕಿಟ್ಟ ಅಷ್ಟು ಗಟ್ಟಿಯಾಗಿರುವುದಿಲ್ಲ.

ಎಂಜಿನ್ ರಾತ್ರಿಯಿಡೀ ಆರಿರಲಿ. ಪ್ಲಗ್ ಮೇಲೆ ಕೂತು ಕಿಡಿಗೆ ವಿದ್ಯುತ್ ಕೊಡುವ ಪ್ರತಿ ಕಾಯಿಲ್‌ಗೂ 7 ಎಂಎಂ ಬೋಲ್ಟ್ ಒಂದೇ. ಕನೆಕ್ಟರ್ ಬಿಡಿಸಿ, ಕಾಯಿಲನ್ನು ಸ್ವಲ್ಪ ತಿರುಚಿ ಮೇಲಕ್ಕೆಳೆಯಿರಿ. ಪ್ಲಗ್ ಕೂತಿರುವ ಗುಂಡಿಯಲ್ಲಿನ ಧೂಳು, ಮರಳನ್ನು ಗಾಳಿ ಹೊಡೆದು ತೆಗೆಯದೆ ಪ್ಲಗ್ ಮುಟ್ಟಲೇಬೇಡಿ, ಅದೆಲ್ಲ ಸಿಲಿಂಡರಿಗೆ ಬೀಳುತ್ತದೆ.

9/16 ಇಂಚಿನ ಸಾಕೆಟ್ ಹಾಕಿ ಎಂಟೂ ಪ್ಲಗ್‌ಗಳನ್ನು ಎಂಟನೇ ಒಂದು ಸುತ್ತಿನಿಂದ ಕಾಲು ಸುತ್ತಿನಷ್ಟು ಮಾತ್ರ ಸಡಿಲಿಸಿ. ಒಂದೊಂದು ಗುಂಡಿಗೂ ಅರ್ಧದಿಂದ ಒಂದು ಟೀ ಚಮಚ ಕಾರ್ಬ್ಯುರೇಟರ್ ಕ್ಲೀನರ್ ಬಿಡಿ, ಅದಕ್ಕಿಂತ ಹೆಚ್ಚು ಬೇಡ. ದ್ರವ ಸಿಲಿಂಡರಿನಲ್ಲಿ ನಿಂತರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕನಿಷ್ಠ 15 ನಿಮಿಷ ನೆನೆಯಬೇಕು. ಒಂದೆರಡು ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು.

ಆಮೇಲೆ ಬಿಗಿ ಮಾಡಿ, ಸಡಿಲಿಸಿ, ಮತ್ತೆ ಬಿಗಿ ಮಾಡಿ. ಕಿರ್ರ್ ಎಂದು ಕಿವಿಗೆ ಚುಚ್ಚುವ ಸದ್ದು ಬಂದೇ ಬರುತ್ತದೆ. ಸದ್ದು ಜೋರಾದಾಗ ಬಿಗಿಯುವ ಕಡೆಗೆ ಅರ್ಧ ಸುತ್ತು ಹಿಂದಕ್ಕೆ ಹೋಗಿ, ಎರಡು ಹನಿ ಕ್ಲೀನರ್ ಬಿಟ್ಟು, ಪುನಃ ಬನ್ನಿ. ಇಂಪ್ಯಾಕ್ಟ್ ಗನ್ ಹತ್ತಿರಕ್ಕೂ ತರಬೇಡಿ. ಸರಿಯಾಗಿ ಬಂದ ಪ್ಲಗ್‌ನ ಕೊಳವೆಗೆ ಕಪ್ಪು ಕಿಟ್ಟ ಬಳೆಯಂತೆ ಸುತ್ತಿಕೊಂಡಿರುತ್ತದೆ, ಉಗುರಿನಿಂದ ಕೆರೆದರೂ ಏಳದು. ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) ಪಕ್ಕದ 4 ಮತ್ತು 8ನೇ ಪ್ಲಗ್‌ಗಳಿಗೆ ಕೈ ಹೋಗುವುದೇ ಕಷ್ಟ. ಆಯಾಸವಾಗುವ ಮೊದಲೇ ಅವನ್ನು ಮುಗಿಸಿಕೊಳ್ಳಿ.

ಮುರಿದರೆ ಸ್ಕ್ರೂಡ್ರೈವರ್ ತೂರಿಸಿ ಕುಟ್ಟಬೇಡಿ. ಇದಕ್ಕೆಂದೇ ಲೈಲ್ 65600 ಎಂಬ ಸೆಟ್ ಸಿಗುತ್ತದೆ. ಅದು ಪ್ಲಗ್‌ನ ಒಡೆದ ಪಿಂಗಾಣಿಯನ್ನು ಕೊಳವೆಯೊಳಗೆ ಇನ್ನೂ ಕೆಳಕ್ಕೆ ತಳ್ಳಿ, ಕೊಳವೆಯ ಒಳಗೋಡೆಗೆ ಥ್ರೆಡ್ ಮಾಡಿಕೊಂಡು, ನಟ್ ಬಿಗಿದಂತೆ ಮೇಲಕ್ಕೆಳೆಯುತ್ತದೆ. ಕೆಲಸ ಶುರು ಮಾಡುವ ಮೊದಲೇ ಅದು ಕೈಯಲ್ಲಿರಲಿ.

ಹೊಸ ಪ್ಲಗ್ಗಿಗೆ ನಿಕ್ಕಲ್ ಆ್ಯಂಟಿ-ಸೀಜ್ (ಲೋಹ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಅನ್ನು ಕೊಳವೆಯ ಹೊರಮೈಗೆ ಮಾತ್ರ ತೆಳ್ಳಗೆ ಸವರಿ, ತುದಿಯ ಎಲೆಕ್ಟ್ರೋಡ್‌ಗೆ ತಾಗದಿರಲಿ. ಥ್ರೆಡ್‌ಗೂ ಹಚ್ಚಬೇಡಿ, ಜಾರಿಕೆ ಹೆಚ್ಚಾಗಿ ಟಾರ್ಕ್ ವ್ರೆಂಚ್ ತೋರಿಸುವುದಕ್ಕಿಂತ ಜಾಸ್ತಿ ಬಿಗಿಯಾಗುತ್ತದೆ. ಮೊದಲು ಬರಿಗೈಯಲ್ಲಿ ತಿರುಗಿಸಿ, ಕೊನೆಗೆ 34 ನ್ಯೂಟನ್ ಮೀಟರ್. ಕಾಯಿಲ್‌ನ ರಬ್ಬರ್ ಬೂಟಿನ ಒಳಬಾಯಿಗೆ ಚೂರು ಡೈಎಲೆಕ್ಟ್ರಿಕ್ (ವಿದ್ಯುತ್ ಹರಿಯಗೊಡದ) ಗ್ರೀಸ್ ಸಾಕು.

ಸ್ಟಾರ್ಟ್ ಮಾಡಿದ ಮೇಲೆ ಎಂಜಿನ್ ಮಿಸ್ ಹೊಡೆದರೆ, ಅಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ, ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ. ಪಿ0304 ಎಂದರೆ ನಾಲ್ಕನೇ ಸಿಲಿಂಡರ್. ಅದರ ಕನೆಕ್ಟರ್ ಪೂರ್ತಿ ಕೂತಿದೆಯೇ ಮೊದಲು ನೋಡಿ. ಕೂತಿದ್ದರೆ ಅದರ ಕಾಯಿಲನ್ನು ಮೂರನೆಯದರ ಜೊತೆ ಅದಲು ಬದಲು ಮಾಡಿ. ಕೋಡ್ ಪಿ0303 ಆದರೆ ಕೆಟ್ಟಿರುವುದು ಕಾಯಿಲ್, ಪಿ0304 ಆಗಿಯೇ ಉಳಿದರೆ ನಾಲ್ಕನೇ ಪ್ಲಗ್ ಬಿಚ್ಚಿ ಪಿಂಗಾಣಿ ಬಿರುಕು ಬಿಟ್ಟಿದೆಯೇ ನೋಡಿ.