"ನಾಳೆ ಬಂದು ಕ್ಯಾಬಿನ್‌ನಲ್ಲಿ ಸಿಗಿ": ಒಂದು ಮೆಸೇಜು, ಒಂದು ಇಡೀ ರಾತ್ರಿ

ಗುರುವಾರ ಸಂಜೆ ಆರೂವರೆ. ಆಫೀಸಿನಿಂದ ಹೊರಟು ಬಸ್ಸಿನಲ್ಲಿ ಕೂತವರ ಮೊಬೈಲಿಗೆ ಮ್ಯಾನೇಜರ್ ಮೆಸೇಜು ಬರುತ್ತದೆ: "ನಾಳೆ ಬಂದ ತಕ್ಷಣ ಕ್ಯಾಬಿನ್‌ನಲ್ಲಿ ಸಿಗಿ, ಸ್ವಲ್ಪ ಮಾತಾಡೋದಿದೆ." ಅಷ್ಟೇ. ವಿಷಯ ಏನು ಅಂತ ಒಂದಕ್ಷರವೂ ಇಲ್ಲ. ಇಳಿಯುವ ಸ್ಟಾಪು ಬರುವುದರೊಳಗೆ ಕಳೆದ ವಾರ ರಿಪೋರ್ಟಿನಲ್ಲಿ ಬಿಟ್ಟುಹೋದ ಒಂದು ಸಾಲು, ಸೋಮವಾರದ ಮೀಟಿಂಗಿನಲ್ಲಿ ಬಾಯಿತಪ್ಪಿ ಆಡಿದ ಮಾತು, ಮನೆ ಸಾಲದ ಕಂತು, ಮಗಳ ಸ್ಕೂಲ್ ಫೀಸು ಎಲ್ಲವೂ ಒಂದಕ್ಕೊಂದು ಗಂಟುಬಿದ್ದಿರುತ್ತವೆ. ಕೆಲಸ ಹೋಗಿಯೇ ಹೋಯಿತು ಅನ್ನುವಲ್ಲಿಗೆ ತಲೆ ಬಂದು ನಿಂತಿರುತ್ತದೆ.

ಕೆಲಸಕ್ಕೆ ಹೋಗುವ ಯಾರಿಗೂ ಇದು ಹೊಸದಲ್ಲ. ಇಂಥ ಒಂದು ಸಂಜೆಯನ್ನು ಹತ್ತಿರದಿಂದ ನೋಡಿದರೆ ಓವರ್‌ಥಿಂಕಿಂಗ್, ಅಂದರೆ ಅತಿಯಾದ ಯೋಚನೆ, ಹೇಗೆ ಶುರುವಾಗುತ್ತದೆ, ಯಾಕೆ ಗೊತ್ತಾಗುವುದಿಲ್ಲ, ಎಲ್ಲಿ ಹಿಡಿದು ನಿಲ್ಲಿಸಬಹುದು ಎಂಬುದೆಲ್ಲ ಅದರಲ್ಲೇ ಕಾಣುತ್ತದೆ. ಗೊತ್ತಾಗದಿರಲು ಮುಖ್ಯ ಕಾರಣ ಒಂದೇ. ಅದು ಯಾವತ್ತೂ ಕೆಟ್ಟ ಚಟದ ಹಾಗೆ ಕಾಣುವುದಿಲ್ಲ. ಜವಾಬ್ದಾರಿಯ ಹಾಗೆ, ಮುಂದಾಲೋಚನೆಯ ಹಾಗೆ ಕಾಣುತ್ತದೆ. 'ನಾನು ಸುಮ್ಮನೆ ಕೂತಿಲ್ಲ, ತಯಾರಿ ಮಾಡಿಕೊಳ್ತಿದ್ದೀನಿ' ಅನ್ನಿಸುತ್ತದೆ. ಮರುದಿನ ಏನೂ ಆಗದಿದ್ದರೆ, ರಾತ್ರಿಯಿಡೀ ಯೋಚಿಸಿದ್ದರಿಂದಲೇ ಬಚಾವಾದೆ ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ. ಮುಂದಿನ ಸಲ ಇನ್ನೂ ಬೇಗ ಶುರುಮಾಡುತ್ತದೆ.

ಹಾಗಾಗಿ ಯೋಚನೆಯ ವಿಷಯವನ್ನು ನೋಡಿ ಇದು ಅತಿಯಾಯಿತು ಎಂದು ಹೇಳಲು ಆಗುವುದಿಲ್ಲ. ಸಾಲ, ಕೆಲಸ, ಆರೋಗ್ಯ ಎಲ್ಲವೂ ಯೋಚಿಸಬೇಕಾದ ವಿಷಯಗಳೇ. ನೋಡಬೇಕಾದದ್ದು ಯೋಚನೆ ನಡೆಯುವ ರೀತಿಯನ್ನು. ಹದಿನೈದು ನಿಮಿಷ ಯೋಚಿಸಿದ ಮೇಲೆ ಕೈಗೆ ಏನು ಸಿಕ್ಕಿತು? ಒಂದು ನಿರ್ಧಾರ, ಒಂದು ಫೋನ್ ನಂಬರು, ನಾಳೆ ತೆಗೆದುಕೊಂಡು ಹೋಗಬೇಕಾದ ಫೈಲಿನ ಹೆಸರು, ಏನಾದರೂ ಸಿಕ್ಕಿದ್ದರೆ ಅದು ಯೋಚನೆ. ಏನೂ ಸಿಗದೆ, ಹೊಸ ಮಾಹಿತಿಯೂ ಬರದೆ, ಅದೇ ಪ್ರಶ್ನೆ ಗಾಣದೆತ್ತಿನ ಹಾಗೆ ಸುತ್ತಿ ಬಂದು ಎದುರಿಗೆ ನಿಂತಿದ್ದರೆ ಅದು ಬೇರೆ. ಆ ಪ್ರಶ್ನೆಯ ಆಕಾರವೂ ಗುರುತು ಕೊಡುತ್ತದೆ. "ಯಾಕೆ ಕರೆದಿರಬಹುದು?", "ಯಾಕೆ ಯಾವಾಗಲೂ ನನಗೇ ಹೀಗಾಗುತ್ತೆ?" ಇಂಥವಕ್ಕೆ ರಾತ್ರಿ ಹತ್ತು ಗಂಟೆಗೆ ಮನೆಯಲ್ಲಿ ಕೂತು ಉತ್ತರ ಹುಡುಕಲು ಸಾಧ್ಯವೇ ಇಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ವಾಟ್ಕಿನ್ಸ್ ಈ ವಿಷಯದಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದವರು. 'ಯಾಕೆ' ಎಂದು ಕೆದಕುವ ಯೋಚನೆಯನ್ನು 'ಹೇಗೆ, ಮುಂದೇನು' ಎಂಬ ಕಡೆಗೆ ತಿರುಗಿಸುವ ಅಭ್ಯಾಸವೇ ಅವರ ಚಿಕಿತ್ಸಾ ಕ್ರಮದ ಮುಖ್ಯ ಭಾಗ.

ದೇಹ ಇನ್ನೂ ಮೊದಲೇ ಹೇಳಿರುತ್ತದೆ. ಹಲ್ಲು ಕಚ್ಚಿಕೊಂಡಿರುವುದು, ಭುಜ ಕಿವಿಯ ಹತ್ತಿರಕ್ಕೆ ಏರಿರುವುದು, ತಟ್ಟೆ ಖಾಲಿಯಾದರೂ ಸಾರು ಯಾವುದಿತ್ತು ಅಂತ ನೆನಪಿಲ್ಲದಿರುವುದು, ಮಗು ಕೇಳಿದ್ದಕ್ಕೆಲ್ಲ "ಹ್ಞೂಂ" ಅನ್ನುತ್ತಾ ಹೋಗುವುದು. ತಲೆಯೊಳಗೆ ಏನು ನಡೆಯುತ್ತಿದೆ ಎಂದು ಒಳಗಿನಿಂದ ಹಿಡಿಯುವುದು ಕಷ್ಟ. ಕಚ್ಚಿದ ಹಲ್ಲನ್ನು ಗಮನಿಸುವುದು ಸುಲಭ. ಮೊದಮೊದಲು ಅದನ್ನೇ ಗುರುತಾಗಿ ಇಟ್ಟುಕೊಳ್ಳಬೇಕು.

ಈಗ ಆ ಮೆಸೇಜಿಗೆ ಬರೋಣ. ಮಾಡಬಹುದಾದ ಮೊದಲ ಕೆಲಸ ತೀರಾ ಸಣ್ಣದು, ಆದರೆ ಹೆಚ್ಚಿನವರು ಅದನ್ನೇ ಮಾಡುವುದಿಲ್ಲ. "ಸರಿ ಸರ್. ಯಾವ ವಿಷಯ ಅಂತ ಹೇಳಿದರೆ ಬೇಕಾದ ಪೇಪರ್ ತರ್ತೀನಿ" ಎಂದು ಒಂದು ಸಾಲು ಉತ್ತರ ಹಾಕುವುದು. ಉತ್ತರ ಬಂದರೆ ಅಲ್ಲಿಗೆ ಅರ್ಧ ಮುಗಿಯಿತು. ಬಾರದಿದ್ದರೆ ಎರಡನೆಯ ಮೆಸೇಜು ಹಾಕಬಾರದು. ನೀಲಿ ಟಿಕ್ ಬಂತಾ, ಆನ್‌ಲೈನ್ ಇದ್ದಾರಾ, ಟೈಪಿಂಗ್ ಅಂತ ಬಂದು ನಿಂತುಹೋಯಿತಾ ಎಂದು ನೋಡುವುದಂತೂ ಬೇಡವೇ ಬೇಡ. ಆ ಟಿಕ್ ಹೇಳುವುದು ಮೆಸೇಜು ತೆರೆಯಿತು ಎಂಬುದನ್ನಷ್ಟೇ. ಓದಿದವರ ಮನಸ್ಸಿನಲ್ಲಿ ಏನಿದೆ ಎಂಬುದನ್ನು ನಾವೇ ತುಂಬಿಕೊಳ್ಳುತ್ತೇವೆ. ಅಂದ ಹಾಗೆ, ಇಂಥ ಮೆಸೇಜು ಕಳಿಸುವ ಮೇಲಿನವರು "ಆಡಿಟ್ ವಿಷಯ" ಎಂಬ ಎರಡು ಪದ ಸೇರಿಸಿದರೆ ಒಂದು ಮನೆಯ ರಾತ್ರಿ ನಿದ್ದೆ ಉಳಿಯುತ್ತದೆ. ದಯವಿಟ್ಟು ಸೇರಿಸಿ.

ಮತ್ತೆ ಮತ್ತೆ ತೆರೆದು ನೋಡುವುದು ಯಾಕೆ ಕೆಲಸ ಮಾಡುವುದಿಲ್ಲ ಎಂಬುದಕ್ಕೆ ಒಳ್ಳೆಯ ಪುರಾವೆ ಅಡುಗೆಮನೆಯ ಗ್ಯಾಸ್ ಒಲೆಯಲ್ಲಿದೆ. ನೆದರ್‌ಲೆಂಡ್ಸ್‌ನ ಮಾರ್ಸೆಲ್ ಫಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ 2003ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರ್ ಪರದೆಯ ಮೇಲೆ ಒಂದು ಗ್ಯಾಸ್ ಒಲೆ. ಒಂದು ಗುಂಪು ಒಲೆಯ ತಿರುಗಣೆಗಳನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು, ಇನ್ನೊಂದು ಗುಂಪು ಅಷ್ಟೇ ಸಲ ಬಲ್ಬುಗಳನ್ನು ಪರೀಕ್ಷಿಸಬೇಕು. ಕೊನೆಯಲ್ಲಿ ಎರಡೂ ಗುಂಪಿನವರು ಒಲೆಯನ್ನು ಒಂದು ಸಲ ನೋಡುತ್ತಾರೆ. ಯಾವ ತಿರುಗಣೆ ನೋಡಿದೆವು ಎಂಬ ನೆನಪು ಎರಡೂ ಗುಂಪಿನವರಲ್ಲಿ ಸರಿಯಾಗಿಯೇ ಇತ್ತು. ಆದರೆ ಒಲೆಯನ್ನೇ ಮತ್ತೆ ಮತ್ತೆ ನೋಡಿದವರಿಗೆ ತಮ್ಮ ನೆನಪು ಮಸುಕಾಗಿ ಕಂಡಿತು, ಅದರ ಮೇಲಿನ ನಂಬಿಕೆ ಕುಸಿದಿತ್ತು. ಅಂದರೆ ಅನುಮಾನ ತೀರಲಿ ಎಂದು ನೋಡುತ್ತೇವೆ, ನೋಡಿದಷ್ಟೂ ಅನುಮಾನ ಬೆಳೆಯುತ್ತದೆ. ಕಳಿಸಿಯಾದ ಮೇಲ್ ತೆರೆದು ಐದನೆಯ ಸಲ ಓದುವುದು, ಬೀಗ ಎಳೆದು ನೋಡಲು ಮೆಟ್ಟಿಲು ಇಳಿದವರು ಮತ್ತೆ ಹತ್ತುವುದು, ಎಲ್ಲ ಇದೇ ಲೆಕ್ಕಕ್ಕೆ ಸೇರಿದ್ದು. ಒಂದೇ ಸಲ, ಆದರೆ ಗಮನವಿಟ್ಟು ನೋಡಬೇಕು. ರೆಗ್ಯುಲೇಟರ್ ಮೇಲೆ ಕೈಯಿಟ್ಟು "ಆಫ್ ಆಯ್ತು" ಎಂದು ಬಾಯಿಬಿಟ್ಟು ಹೇಳಿ ಹೊರಟುಬಿಡಬೇಕು. ಆಮೇಲೆ ಬರುವ ಚಡಪಡಿಕೆ ನೋಡದೆ ಇದ್ದರೂ ತಾನಾಗಿಯೇ ಇಳಿಯುತ್ತದೆ. ಇಳಿಯುವ ತನಕ ತಡೆದುಕೊಳ್ಳುವುದೇ ಇಲ್ಲಿನ ಅಭ್ಯಾಸ.

"ಅದನ್ನೆಲ್ಲ ಯೋಚಿಸಬೇಡ ಬಿಡು" ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ, ಅದರಿಂದ ಉಪಯೋಗ ಕಡಿಮೆ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು ಕೆಲವರಿಗೆ ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಅವರು ಗಂಟೆ ಬಾರಿಸುತ್ತಲೇ ಇದ್ದರು. ಮನಸ್ಸಿಗೆ ಬೇಡ ಅಂದಷ್ಟೂ ಅದು ಬಾಗಿಲಲ್ಲೇ ನಿಲ್ಲುತ್ತದೆ. ಅದಕ್ಕಿಂತ 'ಈಗಲ್ಲ, ನಾಳೆ ಐದೂವರೆಗೆ' ಅನ್ನುವುದು ಮೇಲು.

ಈ ಗಡುವು ಕೊಡುವ ವಿಧಾನವನ್ನು ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ಬೋರ್ಕೊವೆಕ್ ತಂಡ 1983ರಲ್ಲಿ ಪರೀಕ್ಷಿಸಿ ಪ್ರಕಟಿಸಿತು. ದಿನಕ್ಕೆ ಅರ್ಧ ಗಂಟೆ, ಅದೇ ಹೊತ್ತು, ಅದೇ ಜಾಗ. ಹಗಲಿನಲ್ಲಿ ಚಿಂತೆ ತಲೆಹಾಕಿದಾಗ ಒಂದೇ ಸಾಲಿನಲ್ಲಿ ಬರೆದಿಟ್ಟು ಕೈಯಲ್ಲಿದ್ದ ಕೆಲಸಕ್ಕೆ ಮರಳಬೇಕು. "ಶುಕ್ರವಾರ ಮ್ಯಾನೇಜರ್ ಭೇಟಿ" ಎಂದರೆ ಸಾಕು, ಕಥೆ ಬರೆಯಲು ಕೂತರೆ ಅಲ್ಲೇ ಅರ್ಧ ಗಂಟೆ ಕಳೆಯುತ್ತದೆ. ಗೊತ್ತುಮಾಡಿದ ಹೊತ್ತಿಗೆ ಅಲಾರಂ ಇಟ್ಟುಕೊಂಡು ಕೂತು, ಚೀಟಿಯಲ್ಲಿರುವ ಒಂದೊಂದಕ್ಕೂ 'ಇದರಲ್ಲಿ ನಾನು ಮಾಡಬಹುದಾದದ್ದು ಏನಾದರೂ ಇದೆಯಾ' ಎಂದು ಕೇಳಿಕೊಳ್ಳಬೇಕು. ಇದ್ದರೆ ಯಾವಾಗ, ಎಷ್ಟು ಗಂಟೆಗೆ ಎಂದು ಪಕ್ಕದಲ್ಲಿ ಬರೆಯಬೇಕು. ಇಲ್ಲದಿದ್ದರೆ ಬೇಕಾದಷ್ಟು ಚಿಂತಿಸಬಹುದು, ಅಲಾರಂ ಹೊಡೆಯುವವರೆಗೆ. ಹೊಡೆದಾಗ ಎದ್ದು ಗಿಡಕ್ಕೆ ನೀರು ಹಾಕುವಂಥ, ಕೈಕಾಲು ಆಡುವ ಕೆಲಸಕ್ಕೆ ಹೋಗಬೇಕು.

ಇದು ಕೆಟ್ಟುಹೋಗುವುದು ಸಾಮಾನ್ಯವಾಗಿ ಜಾಗ ಮತ್ತು ಹೊತ್ತಿನಿಂದ. ರಾತ್ರಿ ಹತ್ತಕ್ಕೆ ಇಟ್ಟುಕೊಂಡರೆ ನಿದ್ದೆಗೆ ಕುತ್ತು. ಹಾಸಿಗೆಯ ಮೇಲೆ ಕೂತರೆ ಹಾಸಿಗೆಯೇ ಚಿಂತೆಯ ಜಾಗವಾಗುತ್ತದೆ. ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ, ಹಾಲ್‌ನ ಕುರ್ಚಿಯಲ್ಲೋ ಡೈನಿಂಗ್ ಟೇಬಲ್ಲಿನ ಮೂಲೆಯಲ್ಲೋ ಕೂರುವುದು ಒಳ್ಳೆಯದು. ಇನ್ನೊಂದು ತೊಡಕು, ಮೊದಲ ಕೆಲವು ದಿನ ಮುಂದೂಡಿದ ಚಿಂತೆ ಹತ್ತು ನಿಮಿಷಕ್ಕೇ ಮರಳಿ ಬರುತ್ತದೆ. ಆಗ ವಿಧಾನ ಸರಿಯಿಲ್ಲ ಎಂದು ಬಿಡುವವರೇ ಹೆಚ್ಚು. ಅದು ಬರುವುದು ಸಹಜ, ಪ್ರತಿ ಸಲವೂ ಮುಂದೂಡುವುದೇ ಕೆಲಸ. ಹೊತ್ತು ಬಂದಾಗ ಚೀಟಿ ನೋಡಿದರೆ ಬೆಳಿಗ್ಗೆ ಬೆಟ್ಟದಷ್ಟಿದ್ದ ವಿಷಯದಲ್ಲಿ ಎಷ್ಟೋ ಸಲ ಮಾತಾಡಲು ಏನೂ ಉಳಿದಿರುವುದಿಲ್ಲ.

ರಾತ್ರಿ ಮಲಗುವ ಮುನ್ನ ಮಾಡಬೇಕಾದದ್ದು ಇನ್ನೂ ಚಿಕ್ಕದು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲಗುವ ಮುಂಚೆ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ ಬರೆದವರು, ಮಾಡಿ ಮುಗಿಸಿದ ಕೆಲಸಗಳ ಪಟ್ಟಿ ಬರೆದವರಿಗಿಂತ ಸುಮಾರು 9 ನಿಮಿಷ ಮೊದಲು ನಿದ್ದೆಹೋದರು. ಪಟ್ಟಿ ಬಿಡಿಬಿಡಿಯಾಗಿದ್ದಷ್ಟೂ ಲಾಭ. "ಆಫೀಸ್ ವಿಷಯ" ಎಂದು ಬರೆದರೆ ತಲೆ ಅದನ್ನು ಬಿಡುವುದಿಲ್ಲ. "9.15ಕ್ಕೆ ಜೂನ್ ರಿಪೋರ್ಟಿನ ಪ್ರಿಂಟ್ ತೆಗೆಯುವುದು" ಎಂದು ಬರೆದರೆ ಬಿಡುತ್ತದೆ. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದೆ ಯೋಚನೆ ಓಡುತ್ತಿದ್ದರೆ ಹಾಸಿಗೆ ಬಿಟ್ಟು ಎದ್ದು, ಮಂದ ಬೆಳಕಲ್ಲಿ ಬೇಸರ ಬರುವಂಥದ್ದೇನಾದರೂ ಮಾಡಿ, ನಿದ್ದೆ ಒತ್ತಿ ಬಂದಾಗ ಮರಳಬೇಕು. ಗಡಿಯಾರ ನೋಡಿ ನಿಮಿಷ ಎಣಿಸುವುದು ಬೇಡ, ಅಂದಾಜು ಸಾಕು. ಸಂಜೆ ಐದರ ಸ್ಟ್ರಾಂಗ್ ಕಾಫಿಯನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಹೆಚ್ಚು ಕಡಿಮೆ ಐದು ಗಂಟೆ ಬೇಕು.

ಮನೆಯವರ ಪಾಲೂ ಇದರಲ್ಲಿದೆ. "ಏನೂ ಆಗಲ್ವಲ್ಲ?" ಎಂದು ಗಂಡನೋ ಅಕ್ಕನೋ ಕೇಳಿದಾಗ "ಏನೂ ಆಗಲ್ಲ ಬಿಡಿ" ಎನ್ನುವುದು ಪ್ರೀತಿಯಿಂದಲೇ. ಮೊದಲ ಸಲ ಅದು ಸರಿ. ಅರ್ಧ ಗಂಟೆಯಲ್ಲಿ ಅದೇ ಪ್ರಶ್ನೆ ನಾಲ್ಕನೆಯ ಸಲ ಬಂದಾಗ ಆ ಉತ್ತರವೂ ಗ್ಯಾಸ್ ತಿರುಗಣೆ ನೋಡಿದಂತೆಯೇ, ಕೇಳಿದವರಿಗೆ ಎರಡು ನಿಮಿಷ ಸಮಾಧಾನ, ಆಮೇಲೆ ಇನ್ನೂ ಹೆಚ್ಚು ಅನುಮಾನ. ಬೈಯುವುದೂ ಬೇಡ. "ಆಗಲೇ ಹೇಳಿದೆ ಅಲ್ವಾ, ಮತ್ತೆ ಹೇಳಿದ್ರೆ ನಿಮಗೇ ಕಷ್ಟ. ನಾಳೆಗೆ ಏನಾದ್ರೂ ತೆಗೆದಿಡೋದಿದ್ರೆ ಹೇಳಿ, ಇಬ್ರೂ ಸೇರಿ ತೆಗೆದಿಡೋಣ" ಎಂದರೆ ಮಾತು ಕೆಲಸದ ಕಡೆಗೆ ತಿರುಗುತ್ತದೆ.

ಅಭ್ಯಾಸದ ಗೆರೆ ದಾಟಿ ಕಾಯಿಲೆಯ ಕಡೆಗೆ ಹೋಗುವುದೂ ಉಂಟು. ಆರು ತಿಂಗಳಿಂದ ಹೆಚ್ಚಿನ ದಿನಗಳಲ್ಲಿ ತಡೆಯಲಾಗದ ಚಿಂತೆ, ಜೊತೆಗೆ ನಿದ್ದೆಗೆಡುವುದು, ಮೈ ಬಿಗಿತ, ಸಿಡುಕು, ಸುಸ್ತು ಇದ್ದರೆ ವೈದ್ಯರು ಆತಂಕದ ಕಾಯಿಲೆಯೇ ಎಂದು ಪರೀಕ್ಷಿಸುತ್ತಾರೆ. ಮತ್ತೆ ಮತ್ತೆ ಪರೀಕ್ಷಿಸಿ ನೋಡುವುದು, ತೊಳೆಯುವುದು, ಎಣಿಸುವುದು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ತಿನ್ನುತ್ತಿದ್ದರೆ ಅದು ಒಸಿಡಿ, ಅಂದರೆ ಗೀಳಿನ ಕಾಯಿಲೆ ಇರಬಹುದು. ಥೈರಾಯ್ಡ್ ಹೆಚ್ಚು ಕೆಲಸ ಮಾಡಿದಾಗಲೂ ಎದೆಬಡಿತ, ಕಳವಳ ಬರುವುದರಿಂದ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಇವೆಲ್ಲಕ್ಕೂ ಚಿಕಿತ್ಸೆ ಇದೆ. ಬದುಕೇ ಬೇಡ ಅನ್ನಿಸುವ ಯೋಚನೆ ಬರುತ್ತಿದ್ದರೆ ಒಂದು ದಿನವೂ ಕಾಯಬಾರದು.

ಎಲ್ಲಿಗೆ ಹೋಗಬೇಕು ಎಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಕೇಂದ್ರ ಸರ್ಕಾರದ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಿ ಸಂಸ್ಥೆ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡುವ ಮುಂಚೆ ಎಷ್ಟು ದಿನದಿಂದ ಹೀಗಿದೆ, ರಾತ್ರಿ ಎಷ್ಟು ಗಂಟೆ ನಿದ್ದೆ ಬರುತ್ತಿದೆ, ಯಾವ ಕೆಲಸ ನಿಂತುಹೋಗಿದೆ, ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮಾತು ಸಲೀಸು.